ಕುಂಟುಕೋಳಿಯ ಬುಟ್ಟಿ

ಮನೆಯಿಂದ,
ಮಾರ್ಚ್ ೯, ಸೋಮವಾರ ಮಧ್ಯಾಹ್ನ

ಪ್ರೀತಿಯ ಅಕ್ಕಾ,

ನಿನ್ನ ಕಣ್ಣಿನ ಆಪರೇಷನ್ ಆಗಿ ಇವತ್ತಿಗೆ ಹದಿನೆಂಟು ದಿನ. ಹನಿಯನ್ನು ಹೊತ್ತಿಗೆ ಸರಿಯಾಗಿ ಬಿಟ್ಟುಕೊಳ್ಳುತ್ತಿದ್ದೀಯೋ, ಇಲ್ಲ ಎಂದಿನಂತೆ ಡಾಕ್ಟರಿಗೇ ಬುದ್ಧಿ ಹೇಳಿ ಬಂದೆಯೋ? ಸೂಜಿಗೆ ದಾರ ಪೋಣಿಸಿ ಕಣ್ಣನ್ನು ಪರೀಕ್ಷೆ ಮಾಡುವ ಹುಚ್ಚಿಗೆ ಮಾತ್ರ ಹೋಗಬೇಡ. ನಲವತ್ತು ವರ್ಷ ಊರವರ ಬಟ್ಟೆಯನ್ನೆಲ್ಲ ಹೊಲಿದಿದ್ದೀಯ, ಇನ್ನೆರಡು ತಿಂಗಳು ಅವರು ಹರಿದದ್ದನ್ನೇ ಹಾಕಿಕೊಳ್ಳಲಿ. ಈ ಪತ್ರವನ್ನು ಮಗಳ ಕೈಲಿ ಓದಿಸಬೇಡ, ನೀನೇ ಓದು. ಅದಕ್ಕೇ ಅಕ್ಷರಗಳನ್ನು ಕುಂಬಳಕಾಯಿಯ ಗಾತ್ರಕ್ಕೆ ಬರೆಯುತ್ತಿದ್ದೇನೆ. ಇನ್ನೂ ಮಂಜು ಮಂಜಾಗಿದ್ದರೆ ನಾಲ್ಕು ದಿನ ಬಿಟ್ಟು ಓದು, ಅದಕ್ಕಿಂತ ತಡ ಮಾಡಬೇಡ.

ನಾನು ಚೆನ್ನಾಗಿದ್ದೇನೆ. ಮಂಡಿ ಮಾತ್ರ ಮೆಟ್ಟಿಲು ಕಂಡರೆ ಮುನಿಸಿಕೊಳ್ಳುತ್ತದೆ. ನನ್ನವಳು ಅದಕ್ಕೂ ನನ್ನನ್ನೇ ಬಯ್ಯುತ್ತಾಳೆ: "ಇಪ್ಪತ್ತೆಂಟು ವರ್ಷ ನಿಂತ್ಕೊಂಡೇ ಕೆಲಸ ಮಾಡಿದ್ರಿ, ಈಗ ಅದೂ ಕೂತ್ಕೊಳ್ಳೋಣ ಅಂತಿದೆ, ಪಾಪ." ಅವಳಿಗೆ ನನಗಿಂತ ನನ್ನ ಮಂಡಿಯ ಮೇಲೆ ಕರುಣೆ ಹೆಚ್ಚು.

ಹೋದ ತಿಂಗಳು ನನ್ನ ಮೊಮ್ಮಗಳು ಚೂಟಿ ನಿನಗೆ ಫೋನ್ ಮಾಡಿ ಬುಟ್ಟಿ ಎಂಬ ಮಾತೆತ್ತಿದ ಕೂಡಲೇ ನೀನು "ನಂಗೇನೂ ನೆನಪಿಲ್ಲಮ್ಮ, ಒಲೆ ಮೇಲೆ ಹಾಲಿಟ್ಟಿದ್ದೀನಿ" ಎಂದು ಫೋನ್ ಇಟ್ಟೆಯಂತೆ. ಆಮೇಲೆ ಮೂರು ಸಲ ಮಾಡಿದಾಗಲೂ ಹಾಲು ಒಲೆಯ ಮೇಲೇ ಇತ್ತಂತೆ. "ತಾತಾ, ಅಜ್ಜಿ ಮನೆ ಹಾಲು ಒಂದು ತಿಂಗಳಿಂದ ಉಕ್ತಾನೇ ಇಲ್ಲ" ಎಂದು ಅವಳು ದೂರು ಕೊಟ್ಟಳು. ಅದಕ್ಕೇ ನಾನು ಪೆನ್ನು ಹಿಡಿದೆ. ಪತ್ರವನ್ನು ಅರ್ಧಕ್ಕೆ ಕಟ್ ಮಾಡಲು ಬರುವುದಿಲ್ಲ, ಹರಿದು ಹಾಕಬಹುದು ಅಷ್ಟೆ. ಹರಿಯುವ ಮುಂಚೆ ಪೂರ್ತಿ ಓದಿಬಿಡು. ನಿನ್ನಿಂದ ಒಂದು ಉತ್ತರ ಬೇಕಾಗಿದೆ, ಮುಂದಿನ ತಿಂಗಳು ನಾಲ್ಕನೆಯ ತಾರೀಕಿನೊಳಗೆ ಬೇಕಾಗಿದೆ, ನೀನಲ್ಲದೆ ಬೇರೆ ಯಾರೂ ಕೊಡಲಾಗದ ಉತ್ತರ ಅದು.

ಮೊದಲು ಸಂತೋಷದ ಸುದ್ದಿ. ನಾನು ಕಾವಲು ಕಾದ ಮ್ಯೂಸಿಯಂ ಇದೆಯಲ್ಲ, ಹೊರಗಿನಿಂದ ಬಂದು ನಮ್ಮನ್ನು ಆಳಿದವರು ಕಟ್ಟಿಸಿದ ಆ ದೊಡ್ಡ ಕಂಬಗಳ ಕಟ್ಟಡ, ಅದರ ಎರಡನೆಯ ಪ್ರದರ್ಶನ ಹಾಲಿನ ಬೀಗದ ಕೈ ಈಗ ನಮ್ಮ ಚೂಟಿಯ ಸೊಂಟದಲ್ಲಿದೆ. ನೀನು ಕೊನೆಯ ಸಲ ಬಂದಾಗ ನನ್ನ ಮಗನ ಈ ಮಗಳು ಬಾಯಿ ತುಂಬ ಹಲ್ಲಿಲ್ಲದೆಯೂ ಬಾಯಿ ತುಂಬ ಮಾತಾಡುತ್ತಿದ್ದಳು. ಈಗ ಹತ್ತೊಂಬತ್ತು. ಹಲ್ಲು ಬಂದಿವೆ, ಮಾತು ಕಮ್ಮಿಯಾಗಿಲ್ಲ. ನಮ್ಮ ಜನರ ಏಳು ಹುಡುಗ ಹುಡುಗಿಯರ ಗುಂಪಿಗೆ ಅವಳೇ ಮುಂದಾಳು. ಆ ಹಾಲಿನಲ್ಲಿ ಒಂದು ವರ್ಷ ಯಾರನ್ನು ಕರೆಯಬೇಕು, ಏನು ತೂಗುಹಾಕಬೇಕು, ಕೆಳಗೆ ಏನು ಬರೆಯಬೇಕು, ಎಲ್ಲ ಇವರದ್ದೇ ತೀರ್ಮಾನ.

ಇದು ಹೇಗಾಯಿತು ಎಂದರೆ, ಪ್ರತಿ ವರ್ಷ ಅಲ್ಲಿ ಒಂದು ವಾರ ನಮ್ಮವರ ಕಲೆಯ ಪ್ರದರ್ಶನ ನಡೆಯುತ್ತಿತ್ತು. ನಮ್ಮ ಬುಟ್ಟಿ ಹೆಣೆಯುವ ಹೆಂಗಸರನ್ನು ಕರೆಸಿ ಬಾಗಿಲ ಬಳಿ ಚಾಪೆ ಹಾಸಿ ಕೂರಿಸುತ್ತಿದ್ದರು. ಬಂದವರು ನಿಂತು ನೋಡುವುದು, ಒಂದು ಫೋಟೋ, ಒಂದು ಲೋಟ ಟೀ, ಆಮೇಲೆ ಮನೆಗೆ. ಮೂಗಿಗೆ ತುಪ್ಪ ಸವರುವುದು ಎನ್ನುತ್ತಾರಲ್ಲ, ಹಾಗೆ. ಒಳಗೆ ಚಿತ್ರ ಬರೆದು ಚೌಕಟ್ಟು ಹಾಕಿಸಿದವನು ಕಲಾವಿದ, ಹೊರಗೆ ಜೊಂಡು ಸೀಳುವವಳು ಬರೀ ಕೈಕೆಲಸದವಳು. ಹೋದ ವರ್ಷದ ಸಭೆಗೆ ಚೂಟಿಯೂ ಬಂದಿದ್ದಳು. ಮ್ಯೂಸಿಯಂಗೆ ಹೊಸದಾಗಿ ಬಂದ ಡೈರೆಕ್ಟರಮ್ಮ, ಕನ್ನಡಕಕ್ಕೆ ದಾರ ಕಟ್ಟಿಕೊಂಡಿರುವ ಗಂಭೀರ ಹೆಂಗಸು, ಈ ಸಲ ಏನು ಮಾಡೋಣ ಎಂದು ಕೇಳಿದರು. ನಮ್ಮವಳು ಎದ್ದು ನಿಂತಳು. "ಮೇಡಂ, ಇಷ್ಟು ವರ್ಷ ನಮ್ಮಜ್ಜಿಯರನ್ನ ಬಾಗಿಲ ಹತ್ರ ಕೂರಿಸಿದ್ರಿ. ಈ ವರ್ಷ ನೀವು ಬಾಗಿಲ ಹತ್ರ ಕೂತ್ಕೊಳ್ಳಿ, ನಾವು ಒಳಗಡೆ ಹೋಗ್ತೀವಿ." ಹಿಂದಿನ ಸಾಲಿನಲ್ಲಿದ್ದ ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಒಂದು ದಿನವೂ ಒಂದು ಮಾತಿಗೂ ಸಿಕ್ಕಿಬೀಳದೆ ನಿವೃತ್ತನಾದವನು ನಾನು, ನನ್ನ ಮರ್ಯಾದೆಯನ್ನು ಇವಳು ಒಂದೇ ಉಸಿರಿಗೆ ಊದಿಬಿಟ್ಟಳಲ್ಲ ಎಂದುಕೊಂಡೆ. ಡೈರೆಕ್ಟರಮ್ಮ ಕನ್ನಡಕ ಏರಿಸಿ ಆ ಮಾತನ್ನು ಹಾಗೇ ಬರೆದುಕೊಂಡರು. ಎಂಟು ತಿಂಗಳು ಸಭೆ, ಜಗಳ, ಮತ್ತೆ ಸಭೆ. ಕೊನೆಗೆ ಕೀಲಿ ಕೈಗೆ ಬಂತು.

ಈಗ ನೀನು ಆ ಹಾಲನ್ನು ನೋಡಬೇಕು ಅಕ್ಕಾ. ಹಳೆಯ ಟ್ರಂಕುಗಳ ತಗಡಿನ ಮೇಲೆ ನಮ್ಮ ಕೆರೆಯ ಹಕ್ಕಿಗಳನ್ನು ಬರೆಯುವ ಒಬ್ಬ ಹುಡುಗನಿದ್ದಾನೆ, ಬಸ್ಸಿನ ಕಂಡಕ್ಟರ್, ರಜೆಯಲ್ಲಿ ಬಂದು ಬರೆಯುತ್ತಾನೆ. ಜೊಂಡಿನ ಹೆಣಿಗೆಯನ್ನೇ ಹಳೆಯ ಕರೆಂಟ್ ವೈರಿನಲ್ಲಿ ಹೆಣೆಯುವ ಒಬ್ಬಳಿದ್ದಾಳೆ. ವೈರಿನಲ್ಲಿ ಬುಟ್ಟಿಯೇ, ಮುಟ್ಟಿದರೆ ಶಾಕ್ ಹೊಡೆಯುವುದಿಲ್ಲವೇ ಎಂದು ನಾನು ಮೊದಲು ಮೂಗು ಮುರಿದೆ. ಆಮೇಲೆ ಅದರ ಮುಂದೆ ಅರ್ಧ ಗಂಟೆ ಬಾಯಿ ಬಿಟ್ಟುಕೊಂಡು ನಿಂತದ್ದೂ ನಾನೇ. ಅವಳು ನಮ್ಮಮ್ಮನ ಹೆಣಿಗೆಯನ್ನೇ ಹಾಕಿದ್ದಾಳೆ, ಬಣ್ಣ ಮಾತ್ರ ಕೆಂಪು ಹಸಿರು. ಎಲ್ಲರಿಗೂ ದೊಡ್ಡ ಕಲಾವಿದರಿಗೆ ಕಳಿಸುವಂಥದೇ ಆಮಂತ್ರಣದ ಕಾಗದ, ಅಷ್ಟೇ ಸಂಭಾವನೆ, ಕೂರಲು ಕುರ್ಚಿ. ಮ್ಯೂಸಿಯಂನ ಬಡಗಿ, ನನ್ನ ಹಳೆಯ ಗೆಳೆಯ, ಮೊದಲು ತುಂಬ ಗೊಣಗಿದ. ಎಲ್ಲವನ್ನೂ ಮಕ್ಕಳ ಕಣ್ಣಿನ ಎತ್ತರಕ್ಕೆ ಹೊಡೆಯಬೇಕು ಎಂದು ಈ ಹುಡುಗರು ಹೇಳಿದ್ದರು. "ಮೂವತ್ತು ವರ್ಷದಿಂದ ಒಂದೇ ಎತ್ತರಕ್ಕೆ ಮೊಳೆ ಹೊಡೆದವನು ನಾನು" ಎಂದ. ಮೊನ್ನೆ ಹೋಗಿ ನೋಡಿದರೆ ಅವನೇ ಮಂಡಿಯೂರಿ ಕೂತು, ತಲೆ ಓರೆ ಮಾಡಿ, "ಇನ್ನೊಂದು ಚೂರು ಕೆಳಗೆ ಬರಲಿ" ಎನ್ನುತ್ತಿದ್ದ.

ಇನ್ನು ವಿಷಯಕ್ಕೆ ಬರುತ್ತೇನೆ. ಆ ಹಾಲಿನ ಮೂಲೆಯಲ್ಲಿ ಹದಿನಾಲ್ಕನೆಯ ನಂಬರಿನ ಗಾಜಿನ ಪೆಟ್ಟಿಗೆ ಇದೆ. ಒಳಗೆ ಒಂದು ಜೊಂಡಿನ ಬುಟ್ಟಿ, ಪಕ್ಕದಲ್ಲಿ ನಾಲ್ಕು ಬೆರಳಗಲದ ಒಂದು ಕಿಂಡಿ, ಮೇಲಿನ ಅಂಚು ಒಂದು ಗೇಣಿನಷ್ಟು ಕಟ್ಟದೆ ಹಾಗೇ ಬಿಟ್ಟದ್ದು. ಕೆಳಗಿನ ಫಲಕ ನನಗೆ ಬಾಯಿಪಾಠ: "ಅಂತ್ಯಕ್ರಿಯೆಯ ಪಾತ್ರೆ. ಪಕ್ಕದ ರಂಧ್ರವು ಆತ್ಮದ ನಿರ್ಗಮನಕ್ಕಾಗಿ. ಅಪೂರ್ಣವಾದ ಅಂಚು ಬದುಕಿನ ಅಪೂರ್ಣತೆಯ ಸಂಕೇತ. ಕರ್ತೃ: ಅಜ್ಞಾತ." ಅದರ ಮುಂದೆ ಎಷ್ಟು ಜನ ಟೋಪಿ ತೆಗೆದು ನಿಂತಿದ್ದಾರೆ, ಎಷ್ಟು ಪ್ರೊಫೆಸರುಗಳು ದನಿ ತಗ್ಗಿಸಿ ಪಾಠ ಹೇಳಿದ್ದಾರೆ, ದೇವರಿಗೇ ಗೊತ್ತು. ಒಬ್ಬಾಕೆ ಅತ್ತದ್ದನ್ನು ನಾನೇ ಕಂಡಿದ್ದೇನೆ.

ಅಕ್ಕಾ, ಈಗ ನಿನಗೆ ಗೊತ್ತಾಗಿರಬೇಕು. ಅದು ನಿನ್ನ ಬುಟ್ಟಿ. ಹನ್ನೊಂದನೆಯ ವಯಸ್ಸಿನಲ್ಲಿ ನಿನ್ನ ಕುಂಟುಕೋಳಿಯನ್ನು ಕೆರೆಗೆ ಹೊತ್ತುಕೊಂಡು ಹೋಗಲು ನೀನು ಹೆಣೆದ ಬುಟ್ಟಿ. ಆತ್ಮ ಹೊರಗೆ ಹೋಗುವ ರಂಧ್ರ ಎಂದರೆ, ಆ ಕೋಳಿ ತಲೆ ಹೊರಗೆ ಹಾಕಿ ದಾರಿಯಲ್ಲಿ ಹೋಗುವವರನ್ನೆಲ್ಲ ಬಯ್ಯುತ್ತಿದ್ದ ಕಿಟಕಿ. ಬದುಕಿನ ಅಪೂರ್ಣತೆ ಎಂದರೆ, ನಾಳೆ ನಾಳೆ ಎಂದು ನೀನು ಉಳಿಸಿಕೊಂಡಿದ್ದ ಅಂಚನ್ನು ಕಟ್ಟುವಷ್ಟರಲ್ಲಿ ಹಾಸ್ಟೆಲ್ ಶಾಲೆಯ ವ್ಯಾನು ಬಂದು ಹಾರ್ನ್ ಹೊಡೆದದ್ದು.

ನನಗೆ ಇದು ಕೆಲಸಕ್ಕೆ ಸೇರಿದ ಮೊದಲ ದಿನದಿಂದಲೇ ಗೊತ್ತಿತ್ತು. ನಿನ್ನ ಬುಟ್ಟಿಯನ್ನು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಇಪ್ಪತ್ತೆಂಟು ವರ್ಷ ಕಾದೆ, ಬಾಯಿಗೆ ಮಾತ್ರ ಬೀಗ. ಯಾರಾದರೂ ಮಕ್ಕಳು "ಇದೇನು ತೂತು?" ಎಂದರೆ "ಬೋರ್ಡು ಓದಿ" ಎನ್ನುತ್ತಿದ್ದೆ. ನೀನು ಊರಿಗೆ ಬಂದಾಗಲೆಲ್ಲ ಮ್ಯೂಸಿಯಂ ರಿಪೇರಿ ಇದೆ ಎಂದೆ. ಇಷ್ಟು ರಿಪೇರಿ ಮಾಡಿದ್ದರೆ ಅದು ಇಷ್ಟು ಹೊತ್ತಿಗೆ ಅರಮನೆಯಾಗಬೇಕಿತ್ತು. ಯಾಕೆ ಹಾಗೆ ಮಾಡಿದೆ ಎಂಬುದನ್ನು ಆಮೇಲೆ ಹೇಳುತ್ತೇನೆ.

ಜನವರಿಯಲ್ಲಿ ಈ ಹುಡುಗರು ಗಾಜಿನ ಪೆಟ್ಟಿಗೆಗಳನ್ನೆಲ್ಲ ತೆರೆಸಿದರು. ಹೆಣಿಗೆ ಬಲ್ಲ ನಮ್ಮ ಮುದುಕಿಯರು ಒಂದೊಂದನ್ನೂ ಕೈಯಲ್ಲಿ ಹಿಡಿದು ನೋಡಬೇಕು ಎಂಬುದು ಚೂಟಿಯ ಹಟ. ಡೈರೆಕ್ಟರಮ್ಮ ಬಿಳಿ ಗ್ಲೌಸ್ ಕೊಟ್ಟರು. ನಮ್ಮ ಪೈಕಿ ಹಿರಿಯಳಾದ, ಕಣ್ಣು ಕಾಣದ ಆ ಚಾಪೆಯಜ್ಜಿ ಗ್ಲೌಸನ್ನು ಮಡಿಸಿ ಸೊಂಟಕ್ಕೆ ಸಿಕ್ಕಿಸಿಕೊಂಡು, "ಇದು ಹಾಕ್ಕೊಂಡ್ರೆ ನಾನು ನೋಡೋದು ಹೇಗಮ್ಮ?" ಎಂದಳು. ಬರಿಗೈಯಲ್ಲೇ ನಿನ್ನ ಬುಟ್ಟಿಯನ್ನು ತಡವಿದಳು. ತಡವಿದವಳು ನಿಲ್ಲಿಸಿದಳು, ಮತ್ತೆ ಹಿಂದಕ್ಕೆ ತಡವಿದಳು. "ಇದು ಎಡಗೈ ಕೆಲಸ. ಎಳೆಯೆಲ್ಲ ತಿರುಗಿ ಮಲಗಿದೆ ನೋಡು. ಹಿಡಿತ ಸಣ್ಣದು, ಮಗೂದು. ಸತ್ತೋರಿಗೆ ಮಾಡಿದ್ದಲ್ಲ ಇದು, ಬದುಕಿರೋದು ಏನೋ ಇದರಲ್ಲಿ ಕೂತಿತ್ತು, ತಳ ಸವೆದಿದೆ." ತಳದ ಹೆಣಿಗೆಯೊಳಗಿಂದ ಉಗುರಿನಲ್ಲಿ ಏನೋ ಎಳೆದಳು. ಕಂದು ಬಣ್ಣದ ಒಂದು ಚಿಕ್ಕ ಪುಕ್ಕ. ಅರವತ್ತು ವರ್ಷ ಅದು ಅಲ್ಲೇ ಇತ್ತು ಅಕ್ಕಾ. ಚೂಟಿ ನನ್ನ ಕಡೆ ತಿರುಗಿದಳು. "ತಾತಾ, ನಿಮ್ಮ ಕಾಲದಲ್ಲಿ ಎಡಗೈಲಿ ಹೆಣೀತಿದ್ದೋರು ಯಾರು?"

ನನಗೊಂದು ಕುರ್ಚಿ ಬೇಕು ಎಂದೆ. ತರಿಸಿ ಕೂರಿಸಿದರು. ಆಮೇಲೆ ಹೇಳಿದೆ. ನಿನ್ನ ಹೆಸರು ಹೇಳಿದೆ, ಕೋಳಿಯನ್ನು ಹೇಳಿದೆ, ಅದು ಕಿಟಕಿಯಿಂದ ತಲೆ ಹಾಕಿ ಹೆಡ್‌ಮಾಸ್ಟರರ ಕೈ ಕುಕ್ಕಿದ್ದನ್ನೂ ಹೇಳಿದೆ. ಆ ಹಾಲಿನಲ್ಲಿ ಅಂಥ ನಗು ಹಿಂದೆ ಯಾವತ್ತೂ ಕೇಳಿರಲಿಲ್ಲ. ಬಡಗಿ ಸುತ್ತಿಗೆ ಕೆಳಗಿಟ್ಟು ಗೋಡೆ ಹಿಡಿದುಕೊಂಡ. ಡೈರೆಕ್ಟರಮ್ಮ ನಕ್ಕು ನಕ್ಕು ಕನ್ನಡಕ ಒರೆಸಿಕೊಂಡರು, ಆಮೇಲೆ ಸ್ಕ್ರೂ ತಿರುವುವ ಸಾಮಾನು ಇಸಿದುಕೊಂಡು ತಾವೇ ಆ ಫಲಕವನ್ನು ಬಿಚ್ಚಿದರು. "ನಾನೂ ಇದನ್ನ ಎರಡು ಪುಸ್ತಕದಲ್ಲಿ ಬರೆದಿದ್ದೀನಿ" ಎಂದರು ಪಾಪ.

ಹೊಸ ಫಲಕ ಬರೆಯಲು ಅವತ್ತೇ ಕೂತರು. ನಾನು ಉತ್ಸಾಹದಲ್ಲಿ ನಿನ್ನ ಹೆಸರು, ಕೋಳಿ, ವ್ಯಾನು ಎಲ್ಲವನ್ನೂ ಹೇಳಿ ಬರೆಸಲು ಹೋದೆ. ಚೂಟಿ ತಡೆದಳು. "ಅಜ್ಜಿ ಬದುಕಿದ್ದಾರೆ. ಅವರನ್ನ ಕೇಳದೆ ನಾವು ಬರೆದ್ರೆ ನಮಗೂ ಹಳಬರಿಗೂ ಏನು ವ್ಯತ್ಯಾಸ?" ಎಂದಳು. ಕೋಳಿಯನ್ನು ಕೇಳಿ ಯಾರಾದರೂ ಮಸಾಲೆ ಅರೆಯುತ್ತಾರೆಯೇ ಎಂದು ನಾನು ತಮಾಷೆ ಮಾಡಿದೆ. "ಇನ್ಮೇಲೆ ಕೇಳ್ಕೊಂಡೇ ಅರೀಬೇಕು ತಾತ" ಎಂದಳು. ಅವಳ ಮುಂದೆ ನನ್ನ ಗಾದೆಗಳು ನಡೆಯುವುದಿಲ್ಲ. ಡೈರೆಕ್ಟರಮ್ಮನ ಕಾಗದ ನಿನಗೆ ಬೇರೆ ಬರುತ್ತದೆ, ಅದರಲ್ಲಿ ಸ್ಪಷ್ಟವಾಗಿ ಬರೆದಿದ್ದಾರೆ: ಬುಟ್ಟಿ ನಿನ್ನದು. ಅಲ್ಲೇ ಇಡು ಎಂದರೆ ಇಡುತ್ತಾರೆ, ಮನೆಗೆ ಕಳಿಸಿ ಎಂದರೆ ಕಳಿಸುತ್ತಾರೆ. ಕೆಳಗೆ ಏನು ಬರೆಯಬೇಕು ಎಂಬುದೂ ನಿನ್ನ ಮಾತೇ. ನಾಲ್ಕನೆಯ ತಾರೀಕು ಹಾಲ್ ತೆರೆಯುತ್ತದೆ. ಅಲ್ಲಿಯವರೆಗೆ ಆ ಫಲಕದ ಜಾಗ ಖಾಲಿ. ನೀನು ಹೇಳದಿದ್ದರೆ ಖಾಲಿಯಾಗಿಯೇ ಇರುತ್ತದೆ, ಅಜ್ಞಾತ ಎಂದಂತೂ ಇನ್ನು ಬರೆಯುವುದಿಲ್ಲ.

ನಿನಗೆ ಹೆಣಿಗೆಯ ಹೆಸರೆತ್ತಿದರೆ ಆಗುವುದಿಲ್ಲ ಎಂದು ಗೊತ್ತು. ಹಾಸ್ಟೆಲಿನಲ್ಲಿ ನಿನ್ನ ಎಡಗೈಯನ್ನು ರಿಬ್ಬನ್ನಿನಲ್ಲಿ ಬೆಂಚಿಗೆ ಕಟ್ಟುತ್ತಿದ್ದರು ಎಂಬುದು ನಮಗೆ ತಿಳಿದದ್ದೇ ಎಷ್ಟೋ ವರ್ಷಗಳ ಮೇಲೆ. ಮೊದಲ ರಜೆಗೆ ನೀನು ಬಂದಾಗ ಅಮ್ಮ ನೆನೆಸಿದ ಜೊಂಡನ್ನು ನಿನ್ನ ಮುಂದಿಟ್ಟಳು. ನೀನು "ಮರೆತೋಯ್ತು" ಎಂದು ಎದ್ದು ಒಳಗೆ ಹೋದೆ. ಅಮ್ಮ ಸಂಜೆಯವರೆಗೆ ಅದರ ಮೇಲೆ ನೀರು ಚಿಮುಕಿಸುತ್ತಲೇ ಇದ್ದಳು, ಒಣಗಬಾರದು ಎಂದು. ಅವತ್ತಿನಿಂದ ನೀನು ಉಂಡದ್ದು, ಬರೆದದ್ದು, ಹೊಲಿದದ್ದು ಎಲ್ಲ ಬಲಗೈಯಲ್ಲಿ. ನಿನ್ನ ಎಡಗೈ ಸುಮ್ಮನೆ ಮಡಿಲಲ್ಲಿ ಕೂತಿರುವುದನ್ನು ಕಂಡಾಗಲೆಲ್ಲ ನಾನು ಬೇರೆ ಕಡೆ ನೋಡುತ್ತಿದ್ದೆ.

ಆದರೆ ಇನ್ನೊಂದು ಸಂಗತಿ ಕೇಳು. ಚೂಟಿಯ ಗುಂಪು ಆ ಹಾಲಿನಲ್ಲೇ ಶನಿವಾರ ಮಕ್ಕಳಿಗೆ ಹೆಣಿಗೆ ಕಲಿಸಲು ಶುರು ಮಾಡಿದೆ. ಒಬ್ಬಳು ಬರುತ್ತಾಳೆ, ಹನ್ನೆರಡು ವರ್ಷ, ಕುಂಬಾರನ ಮಗಳು, ನಿನ್ನ ಹಾಗೇ ಎಡಚಿ. ಮಿಕ್ಕ ಮಕ್ಕಳೆಲ್ಲ ಅಜ್ಜಿಯರ ಪಕ್ಕ ಒತ್ತಿಕೊಂಡು ಕೂತು ಕಲಿಯುತ್ತಾರೆ. ಇವಳಿಗೆ ಪಕ್ಕದಲ್ಲಿ ಕೂತರೆ ಎಲ್ಲ ತಿರುಗಾಮುರುಗಾ. ಅದಕ್ಕೆ ಎದುರಿಗೆ ಒಬ್ಬಳೇ ಕೂತು, ಕನ್ನಡಿ ನೋಡುವವಳ ಹಾಗೆ ನೋಡಿ ನೋಡಿ ಹೆಣೆಯುತ್ತಾಳೆ. ಅಂಚಿಗೆ ಬಂದಾಗ ಮಾತ್ರ ಪ್ರತಿ ಸಲ ಬಿಚ್ಚಿಹೋಗುತ್ತದೆ. ಮೊನ್ನೆ ನಿನ್ನ ಬುಟ್ಟಿಯನ್ನು ಅವಳ ಕೈಗೆ ಕೊಟ್ಟರು. ತಿರುಗಿಸಿ ತಿರುಗಿಸಿ ನೋಡಿ, "ಇವರೂ ನನ್ ಥರಾನೇ" ಎಂದಳು. ಆಮೇಲೆ ಅಂಚಿನ ಮೇಲೆ ಬೆರಳಾಡಿಸುತ್ತಾ ಹೋಗಿ, ನೀನು ಬಿಟ್ಟ ಕಡೆ ನಿಂತು, "ಇಲ್ಲಿಂದ ಮುಂದೆ ಹೇಗೆ?" ಎಂದು ಕೇಳಿದಳು. ಚಾಪೆಯಜ್ಜಿಗೂ ಗೊತ್ತಾಗಲಿಲ್ಲ. ಬಲಗೈಯವರಿಗೆ ಅದು ಬರುವುದಿಲ್ಲ. ನಿನಗೆ ಮರೆತಿದೆ ಎಂದು ನಾನು ನಂಬಿಲ್ಲ ಅಕ್ಕಾ, ಯಾವತ್ತೂ ನಂಬಿಲ್ಲ.

ಪತ್ರ ಉದ್ದವಾಯಿತು. ನನ್ನವಳು ಹಿಂದೆ ನಿಂತು, "ಅಕ್ಕನ ಹೊಸ ಕಣ್ಣು ಇದೊಂದೇ ಪತ್ರಕ್ಕೆ ಹಳೇದಾಗತ್ತೆ" ಎನ್ನುತ್ತಿದ್ದಾಳೆ. ನಿನ್ನ ಮಗಳಿಗೂ ಅಳಿಯನಿಗೂ ನನ್ನ ಆಶೀರ್ವಾದ, ಪುಟಾಣಿಗಳಿಗೆ ಮುದ್ದು. ನೀನು ನೂರು ವರ್ಷ ಬದುಕು, ನೂರು ವರ್ಷವೂ ನನ್ನನ್ನು ಬಯ್ಯುತ್ತಿರು. ಬರುವುದಾದರೆ ಕೆಳಗಿನ ಕೋಣೆ ನಿನಗೇ, ಮೆಟ್ಟಿಲಿನ ತಂಟೆ ಇಲ್ಲ.

ನಿನ್ನ ತಮ್ಮ,
ಪೀಪಿ

ತಾ.ಕ. ಅಂಚೆ ಪೆಟ್ಟಿಗೆ ತೆರೆಯಲು ಇನ್ನು ಅರ್ಧ ಗಂಟೆ ಇದೆ. ಇದನ್ನು ಬರೆಯದೆ ಲಕೋಟೆ ಅಂಟಿಸಿದರೆ ಚೂಟಿ ನನ್ನನ್ನು ಮನೆಯೊಳಗೆ ಸೇರಿಸುವುದಿಲ್ಲ. ನನಗೆ ಪೀಪಿ ಎಂದು ಹೆಸರಿಟ್ಟವಳು ನೀನು. ಆ ರಜೆಗೆ ನೀನು ಬಂದಾಗ ನನ್ನ ಬಾಯಲ್ಲಿ ಒಂದು ಕೆಂಪು ಪೀಪಿ ಇತ್ತಲ್ಲ, ದಾರಿಯಲ್ಲಿ ಸಿಕ್ಕಿತು ಎಂದಿದ್ದೆ. ಸಿಕ್ಕಿದ್ದಲ್ಲ. ನೀನು ವ್ಯಾನು ಹತ್ತಿ ಹೋದ ಮರುವಾರ ಜೀಪಿನಲ್ಲಿ ಒಬ್ಬ ಬಂದಿದ್ದ, ಹಳೆಯ ಸಾಮಾನು ಹುಡುಕುವವನು. ನಿನ್ನ ಬುಟ್ಟಿಯನ್ನು ಅವನಿಗೆ ಕೊಟ್ಟು ಪೀಪಿ ತೆಗೆದುಕೊಂಡೆ. ನಿನಗೆ ಬುಟ್ಟಿ ಹಳ್ಳದ ನೀರಿಗೆ ಹೋಯಿತು ಎಂದೆ. "ಬಂದ್ಮೇಲೆ ಮುಗಿಸ್ತೀನಿ, ಮುಟ್ಬೇಡ" ಎಂದು ಹೇಳಿ ಹೋಗಿದ್ದೆ ನೀನು. ಆ ಜೀಪಿನವನು "ಯಾರು ಹೆಣೆದಿದ್ದು?" ಎಂದು ಕೇಳಿದ. ಹೇಳಿದರೆ ಸಿಕ್ಕಿಬೀಳುತ್ತೇನೆ ಎಂದು "ಗೊತ್ತಿಲ್ಲ" ಎಂದೆ. ಆ ಫಲಕದ ಅಜ್ಞಾತ ಎಂಬ ಮಾತು ಪ್ರೊಫೆಸರುಗಳದ್ದಲ್ಲ ಅಕ್ಕಾ, ನನ್ನದು. ಅವನ ನೋಟ್‌ಬುಕ್ ಹೋದ ವಾರ ಮ್ಯೂಸಿಯಂನ ಹಳೆಯ ಕಡತಗಳಲ್ಲಿ ಚೂಟಿಗೆ ಸಿಕ್ಕಿದೆ: "ಏಳು ವರ್ಷದ ಹುಡುಗ, ಬದಲಿಗೆ ಒಂದು ಪೀಪಿ." ನನ್ನ ಮುಂದಿಟ್ಟು, "ನೀವೇ ಬರೀರಿ ತಾತ" ಎಂದಳು. ನಿನ್ನ ಕೈಯನ್ನು ನಿಲ್ಲಿಸಿದ್ದು ಆ ರಿಬ್ಬನ್ನೋ, ನಾನೋ, ಇಷ್ಟು ವರ್ಷ ಕೇಳಲು ಧೈರ್ಯವಾಗಲಿಲ್ಲ. ಈಗ ಕೇಳುತ್ತಿದ್ದೇನೆ. ಜೊತೆಗೆ ಒಂದು ಖಾಲಿ ಕಾರ್ಡ್ ಇಟ್ಟಿದ್ದೇನೆ, ಗಾಜಿನ ಪೆಟ್ಟಿಗೆಯ ಕೆಳಗೆ ಹಾಕುವುದು ಇದನ್ನೇ. ಎಡಗೈಯಲ್ಲೇ ಬರಿ. ಅಕ್ಷರ ಸೊಟ್ಟಗಿದ್ದರೂ ಹಾಗೇ ಹಾಕುತ್ತಾರಂತೆ. ಮುಂದುಗಡೆ ಬುಟ್ಟಿಗೆ ಬೇಕಾದ್ದು ಬರಿ, ನನ್ನನ್ನು ಬಯ್ಯಲು ಹಿಂದುಗಡೆ ಪೂರ್ತಿ ಜಾಗವಿದೆ.